ಕ್ಲಿನಿಕ್, ಮೆಡಿಕಲ್ ಶಾಪ್, ಸ್ಕ್ಯಾನಿಂಗ್: ಲೈಸೆನ್ಸ್‌ಗೆ ಎಷ್ಟು ದುಡ್ಡು ಎತ್ತಿಡಬೇಕು? ಆಡಿಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ 7ರವರೆಗೆ ನಮ್ಮ ಬಳಗದ ಆಡಿಟರ್ ಮೇಡಂ ಉತ್ತರ ಕೊಡುತ್ತಾರೆ. ಶಿವಮೊಗ್ಗದಲ್ಲಿ 19 ವರ್ಷದಿಂದ ಕ್ಲಿನಿಕ್, ಮೆಡಿಕಲ್ ಶಾಪ್‌ಗಳ ಲೈಸೆನ್ಸ್ ಫೈಲ್ ನೋಡುತ್ತಿದ್ದಾರೆ. ಕೇಳುವ ಮುಂಚೆ ಮೇಲಿನ ಉತ್ತರ ಓದಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ತರೀಕೆರೆ ಡಾಕ್ಟರ್: ಮೇಡಂ, ನಾನು ಎಂಬಿಬಿಎಸ್. ಬೆಡ್ ಇಲ್ಲದ ಸಣ್ಣ ಕ್ಲಿನಿಕ್ ಇಡಬೇಕು ಅಂತಿದ್ದೇನೆ. ಕೈಯಲ್ಲಿ 8 ಲಕ್ಷ ಇದೆ. ಲೈಸೆನ್ಸ್‌ಗೇ 2 ಲಕ್ಷ ತೆಗೆದಿಡು ಅಂತ ಒಬ್ಬರು ಹೇಳಿದರು. ಅಷ್ಟು ಬೇಕಾ?

ಆಡಿಟರ್ ಮೇಡಂ: ಬೇಡ ಡಾಕ್ಟ್ರೇ. ಸರ್ಕಾರಕ್ಕೆ ಕಟ್ಟುವ ಫೀಸು ನಿಮ್ಮ ಖರ್ಚಿನಲ್ಲಿ ತೀರಾ ಸಣ್ಣದು. ದುಡ್ಡು ಹೋಗುವುದು ಬೇರೆ ಕಡೆ.

ನಿಮಗೆ ಮುಖ್ಯವಾಗಿ ಬೇಕಾಗಿದ್ದು ಇಷ್ಟು. ಕೆಪಿಎಂಇ ನೋಂದಣಿ, ಅಂದರೆ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಮಾಡಿಸುವುದು. ಅದು 5 ವರ್ಷಕ್ಕೆ. ಬೆಡ್ ಇಲ್ಲ, ಒಬ್ಬನೇ ಡಾಕ್ಟರ್ ಅಂತ ಬಿಡುವ ಹಾಗಿಲ್ಲ. ಎರಡನೆಯದು ಆಸ್ಪತ್ರೆ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಬೆಡ್ ಇಲ್ಲದ ಕ್ಲಿನಿಕ್‌ಗೆ ಅದು ಒಂದೇ ಸಲ. ಆದರೆ ಕಸ ಒಯ್ಯುವ ಏಜೆನ್ಸಿಗೆ ಪ್ರತಿ ತಿಂಗಳೂ ಕೊಡಬೇಕು. ಅದನ್ನು ಲೈಸೆನ್ಸ್ ಖರ್ಚು ಅಂತ ಬರೆಯಬೇಡಿ, ಕರೆಂಟ್ ಬಿಲ್ ಪಕ್ಕದಲ್ಲಿ ಬರೆಯಿರಿ. ಆಮೇಲೆ ವೃತ್ತಿ ತೆರಿಗೆ, ವರ್ಷಕ್ಕೆ 2,500.

ಈಗ ದೊಡ್ಡ ಖರ್ಚಿಗೆ ಬನ್ನಿ. ಬಾಡಿಗೆ ತಿಂಗಳಿಗೆ 15,000 ಅಂದುಕೊಳ್ಳಿ. ಅರ್ಜಿ, ತಪಾಸಣೆ, ಒಂದು ತಕರಾರು, ಮತ್ತೆ ತಪಾಸಣೆ ಅಂತ 4 ತಿಂಗಳು ಹಿಡಿದರೆ ಒಬ್ಬ ರೋಗಿಯನ್ನೂ ನೋಡದೆ 60,000 ಹೋಯಿತು. ಜೊತೆಗೆ ರಿಸೆಪ್ಷನ್ ಹುಡುಗಿಯ ಸಂಬಳ. ಲೈಸೆನ್ಸ್ ಖರ್ಚು ಅಂದರೆ ನಿಜವಾಗಿ ಇದೇ. ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿ: ನೋಂದಣಿ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಮಾಲೀಕರು ಮುಖ ಸಿಂಡರಿಸಿದರೂ ಕೇಳಿ.

ತರೀಕೆರೆ ಡಾಕ್ಟರ್: ತುಂಬಾ ಥ್ಯಾಂಕ್ಸ್ ಮೇಡಂ. ಬಾಡಿಗೆ ವಿಷಯ ಹೊಳೆದೇ ಇರಲಿಲ್ಲ.

ಚನ್ನಗಿರಿ ಫಾರ್ಮಸಿ: ಮೇಡಂ, ಡಿಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗಿಸಿದ್ದೇನೆ. ಮೆಡಿಕಲ್ ಶಾಪ್ ಲೈಸೆನ್ಸ್‌ಗೆ ಎಷ್ಟಾಗುತ್ತದೆ?

ಆಡಿಟರ್ ಮೇಡಂ: ಚಿಲ್ಲರೆ ಔಷಧಿ ಮಾರಾಟಕ್ಕೆ ಎರಡು ಲೈಸೆನ್ಸ್: ಫಾರಂ 20ಕ್ಕೆ 1,500, ಫಾರಂ 21ಕ್ಕೆ 1,500. ಒಟ್ಟು 3,000. 5 ವರ್ಷಕ್ಕೊಮ್ಮೆ ರಿಟೆನ್ಷನ್ ಫೀಸು ಕಟ್ಟುತ್ತಾ ಹೋದರೆ ಲೈಸೆನ್ಸ್ ನಡೆಯುತ್ತದೆ.

ಅಂಗಡಿ 10 ಚದರ ಮೀಟರ್‌ಗೆ ಕಡಿಮೆ ಇರಬಾರದು, ಅಂದರೆ ಸುಮಾರು 108 ಚದರ ಅಡಿ. ಟೇಪ್ ಹಿಡಿದು ಒಳಗೋಡೆಯಿಂದ ಒಳಗೋಡೆಗೆ ನೀವೇ ಅಳೆಯಿರಿ. ಹೋದ ವರ್ಷ ಒಬ್ಬರು ಮಾಲೀಕರು ಹೇಳಿದ್ದನ್ನೇ ನಂಬಿ 120 ಅಂತ ನಕ್ಷೆ ಬರೆಸಿದ್ದರು. ಮಾಲೀಕರು ಹೊರಗಿನ ಜಗಲಿಯನ್ನೂ ಸೇರಿಸಿ ಅಳೆದಿದ್ದರು. ಒಳಗೆ ಇದ್ದಿದ್ದು 97. ರ್‍ಯಾಕ್, ಫ್ರಿಜ್, ಗ್ಲಾಸ್ ಕೌಂಟರ್ ಎಲ್ಲ ಆಗಲೇ ಬಂದು ಕೂತಿತ್ತು. ಬಿಚ್ಚಿ ಬೇರೆ ಮಳಿಗೆಗೆ ಸಾಗಿಸಿದ ಖರ್ಚಿನಲ್ಲಿ ಲೈಸೆನ್ಸ್ ಫೀಸು ಹತ್ತು ಸಲ ಕಟ್ಟಬಹುದಿತ್ತು.

ಭದ್ರಾವತಿ ಸದಸ್ಯ: ಕ್ಲಿನಿಕ್‌ಗೆ ಜಿಎಸ್‌ಟಿ ಬೇಕಾ ಮೇಡಂ?

ಆಡಿಟರ್ ಮೇಡಂ: ಚಿಕಿತ್ಸೆ, ಸಲಹೆಗೆ ವಿನಾಯಿತಿ ಇದೆ. ಅದಷ್ಟೇ ಮಾಡುವುದಾದರೆ ನೋಂದಣಿ ಬೇಡ. ಅಂದಕ್ಕಾಗಿ ಮಾಡುವ ಕಾಸ್ಮೆಟಿಕ್ ಕೆಲಸಕ್ಕೆ ವಿನಾಯಿತಿ ಇಲ್ಲ. ಬರೀ ಔಷಧಿ ಮಾರುವವರಿಗೆ ವಹಿವಾಟು 40 ಲಕ್ಷ ದಾಟಿದರೆ ಬೇಕು. ಒಂದೇ ಪ್ಯಾನ್‌ನಲ್ಲಿ ಕ್ಲಿನಿಕ್ಕೂ ಮೆಡಿಕಲ್ಲೂ ಇದ್ದರೆ ಹುಷಾರು: ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಕನ್ಸಲ್ಟೇಷನ್ ಫೀಸೂ ಆ ಲೆಕ್ಕಕ್ಕೆ ಸೇರುತ್ತದೆ.

ಸಾಗರ ಆಯುರ್ವೇದ: ನಮಗೂ ಕೆಪಿಎಂಇ ಬೇಕಾ? ನಮ್ಮದು ಬಿಎಎಂಎಸ್.

ಆಡಿಟರ್ ಮೇಡಂ: ಬೇಕು. ಆಯುಷ್ ವಿಭಾಗದಲ್ಲಿ ಹಾಕಿ.

ಕುವೈತ್ ಕನ್ನಡತಿ: ನಾನಿಲ್ಲಿ ಸ್ಟಾಫ್ ನರ್ಸ್. ವಾಪಸ್ ಬಂದು ಉಡುಪಿಯಲ್ಲಿ ವಯಸ್ಸಾದವರ ಆರೈಕೆ ಕೇಂದ್ರ ಮಾಡಬೇಕು. 10 ಬೆಡ್. ಎಲ್ಲಿಂದ ಶುರು ಮಾಡಲಿ?

ಅರಸೀಕೆರೆಯಿಂದ: ಮೇಡಂ, ತಂಗಿ ಡಿಜಿಒ (ಹೆರಿಗೆ, ಸ್ತ್ರೀರೋಗದ ಡಿಪ್ಲೊಮಾ) ಮಾಡಿದ್ದಾಳೆ. ಅವಳಿಗೆ ಕ್ಲಿನಿಕ್ ಹಾಕಿಕೊಡುತ್ತಿದ್ದೇವೆ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಜೊತೆಗೆ. ಸ್ಕ್ಯಾನಿಂಗ್ ನೋಂದಣಿಗೆ 3,000 ಅಂತ ಬಜೆಟ್‌ನಲ್ಲಿ ಬರೆದಿದ್ದೇನೆ. ಒಂದು ಲಿಸ್ಟ್ ವಾಟ್ಸ್‌ಆಪ್‌ನಲ್ಲಿ ಬಂದಿತ್ತು. ಸರಿ ಇದೆಯಾ?

ಆಡಿಟರ್ ಮೇಡಂ: ಅದು 2012ಕ್ಕಿಂತ ಮುಂಚಿನ ಲಿಸ್ಟು. ಈಗ ಒಂದು ಬಗೆಯ ಕೇಂದ್ರಕ್ಕೆ 25,000. ಆಸ್ಪತ್ರೆಯಲ್ಲಿ ಕ್ಲಿನಿಕ್, ಲ್ಯಾಬ್ ಅಂತ ಹಲವು ಸೇರಿದ್ದರೆ 35,000. ನೋಂದಣಿ 5 ವರ್ಷಕ್ಕೆ. ಅರ್ಜಿ ತಿರಸ್ಕಾರವಾದರೆ ಕೊರತೆ ಸರಿಮಾಡಿ 90 ದಿನದೊಳಗೆ ಮತ್ತೆ ಹಾಕಿ, ಎರಡನೇ ಸಲ ಫೀಸು ಇಲ್ಲ. ಯಂತ್ರ ಇನ್ನೂ ತೆಗೆದುಕೊಂಡಿಲ್ಲ ತಾನೇ?

ಹಿತೈಷಿ: *ಫಾರ್ವರ್ಡ್ ಮಾಡಲಾಗಿದೆ* ಗುಡ್ ನ್ಯೂಸ್!! ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಕ್ಲಿನಿಕ್, ಲ್ಯಾಬ್, ಮೆಡಿಕಲ್‌ಗೆ ಬೇರೆ ಯಾವ ಲೈಸೆನ್ಸೂ ಬೇಡ!! ಕೇವಲ 4,999ಕ್ಕೆ ಮಾಡಿಕೊಡಲಾಗುವುದು. 10 ಗ್ರೂಪ್‌ಗೆ ಶೇರ್ ಮಾಡಿ 🙏🙏

ಆಡಿಟರ್ ಮೇಡಂ: ಉದ್ಯಮ್ ಅನ್ನುವುದು ಸಣ್ಣ ಉದ್ದಿಮೆಗಳ ನೋಂದಣಿ. ಅದಕ್ಕೆ ಸರ್ಕಾರದ ಪೋರ್ಟಲ್‌ನಲ್ಲಿ ಫೀಸೇ ಇಲ್ಲ. ಮೊಬೈಲ್‌ನಲ್ಲಿ ನೀವೇ ಮಾಡಬಹುದು. ಅದು ಇದ್ದರೆ ಬೇರೆ ಲೈಸೆನ್ಸ್ ಬೇಡ ಅನ್ನುವುದು ಹಸಿ ಸುಳ್ಳು. ಹತ್ತು ಗ್ರೂಪ್‌ಗೆ ಕಳಿಸಿದ್ದರೆ ಹತ್ತರಲ್ಲೂ ಅಳಿಸಿ.

ಹಿತೈಷಿ: ನಾನು ಬಂದಿದ್ದನ್ನು ಹಾಕಿದೆ ಅಷ್ಟೇ. ಯಾರಿಗಾದರೂ ಉಪಯೋಗ ಆಗಲಿ ಅಂತ.

ಹೊಸದುರ್ಗ ಮೆಡಿಕಲ್ಸ್: ಚನ್ನಗಿರಿಯವರೇ, ನಿಮಗೆ ಡಿಫಾರ್ಮ ಇದೆ, ಪುಣ್ಯವಂತರು. ನನಗಿಲ್ಲ. ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ಹಾಕಿದ್ದೇನೆ. ಬಜೆಟ್‌ನಲ್ಲಿ ಅದಕ್ಕೂ ಒಂದು ಸಾಲು ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಚನ್ನಗಿರಿ ಫಾರ್ಮಸಿ: ಇದನ್ನು ಇಷ್ಟು ರಾಜಾರೋಷವಾಗಿ ಹೇಳುತ್ತೀರಲ್ಲ! ನಿಮ್ಮಂಥವರಿಂದಲೇ ನಮಗೆ ಕೆಲಸಕ್ಕೆ ಹೋದರೆ ಸಂಬಳ ಇಲ್ಲ. "ಬರಬೇಡಪ್ಪಾ, ಸರ್ಟಿಫಿಕೇಟ್ ಮಾತ್ರ ಕೊಡು" ಅಂತ ಮೂರು ಅಂಗಡಿಯವರು ಕೇಳಿದ್ದಾರೆ ನನ್ನನ್ನು.

ಹೊಸದುರ್ಗ ಮೆಡಿಕಲ್ಸ್: ಕೊಡುವವರು ಇರುವುದಕ್ಕೆ ತಾನೇ ನಾವು ತೆಗೆದುಕೊಳ್ಳುವುದು? ನಿಮ್ಮ ಕ್ಲಾಸಿನವರೇ ಎಷ್ಟು ಜನ ಕೊಟ್ಟಿದ್ದಾರೆ ಕೇಳಿ ನೋಡಿ. 14 ವರ್ಷ ಕೌಂಟರ್‌ನಲ್ಲಿ ನಿಂತಿದ್ದೇನೆ. ಡಾಕ್ಟರ ಅಕ್ಷರ ನನ್ನಷ್ಟು ಚೆನ್ನಾಗಿ ನೀವು ಓದಲ್ಲ.

ಚನ್ನಗಿರಿ ಫಾರ್ಮಸಿ: ಅಕ್ಷರ ಓದುವುದು ಬೇರೆ, ಡೋಸ್ ತಿಳಿಯುವುದು ಬೇರೆ.

ಆಡಿಟರ್ ಮೇಡಂ: ಫಾರ್ಮಸಿ ಕಾಯ್ದೆ 1948, ಸೆಕ್ಷನ್ 42. ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಗೋಡೆ ಅಲ್ಲ. ಬಜೆಟ್‌ನಲ್ಲಿ ಬರೆಯಬೇಕಾದ ಸಾಲು ಅವರ ಪೂರ್ತಿ ಸಂಬಳ. ಅದು ಹೊರೆ ಅನಿಸಿದರೆ ಆ ಅಂಗಡಿ ಲೆಕ್ಕದಲ್ಲಿ ನಿಲ್ಲುವುದಿಲ್ಲ ಅಂತಲೇ ಅರ್ಥ.

ಹಾಸನ ಡೆಂಟಲ್: ಮೇಡಂ, ಹಲ್ಲಿನ ಸಣ್ಣ ಎಕ್ಸ್‌ರೇ ಯಂತ್ರಕ್ಕೂ ಅನುಮತಿ ಬೇಕಾ?

ಆಡಿಟರ್ ಮೇಡಂ: ಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ. ಕೊಳ್ಳುವ ಮುಂಚೆ ಆ ಮಾಡೆಲ್‌ಗೆ ಮಂಡಳಿಯ ಒಪ್ಪಿಗೆ ಇದೆಯಾ ನೋಡಿ.

ಅರಸೀಕೆರೆಯಿಂದ: ಮೇಡಂ, ಯಂತ್ರ ಬಂದಾಗಿದೆ. ಪಕ್ಕದ ಜಿಲ್ಲೆಯಲ್ಲಿ ಒಂದು ನರ್ಸಿಂಗ್ ಹೋಂ ಮುಚ್ಚುತ್ತಿತ್ತು. 4 ಲಕ್ಷಕ್ಕೆ ಮಾತಾಡಿ 2 ಲಕ್ಷ ಕೊಟ್ಟಿದ್ದೇವೆ. ಟಾಟಾ ಏಸ್‌ನಲ್ಲಿ ತಂದೆವು. ಮನೆಯ ಹಿಂದಿನ ರೂಮಿನಲ್ಲಿ ಬೆಡ್‌ಶೀಟ್ ಮುಚ್ಚಿ ಇಟ್ಟಿದ್ದೇವೆ. ನೋಂದಣಿ ಆಮೇಲೆ ಮಾಡಿಸಿದರಾಯಿತು ಅಂದರು.

ಆಡಿಟರ್ ಮೇಡಂ: ಅಯ್ಯೋ. ಉಳಿದವರು ಸ್ವಲ್ಪ ತಾಳಿ. ಇವರ ವಿಷಯ ಮೊದಲು.

ನಾನು ಹೇಳುವುದನ್ನು ನಿಮ್ಮ ತಂಗಿಗೂ ಓದಿಸಿ. ಸ್ಕ್ಯಾನಿಂಗ್ ಯಂತ್ರ ಫ್ರಿಜ್ ಥರ ಅಲ್ಲ, ದುಡ್ಡು ಕೊಟ್ಟು ಮನೆಗೆ ತರಲು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರತಿ ಯಂತ್ರದ ಬೆನ್ನಿಗೂ ಇದೆ. ಅದರ 3ಬಿ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದವರಿಗೆ ಯಂತ್ರ ಮಾರುವುದೇ ತಪ್ಪು. ಕಂಪನಿಯ ಹೊಸ ಯಂತ್ರಕ್ಕೂ ಅದೇ, ಮುಚ್ಚುವ ನರ್ಸಿಂಗ್ ಹೋಂನ ಹಳೆ ಯಂತ್ರಕ್ಕೂ ಅದೇ. ಮಾರಿದವರು ತಮ್ಮ ಕುತ್ತಿಗೆಯನ್ನೂ ಸಿಕ್ಕಿಸಿಕೊಂಡಿದ್ದಾರೆ. ಮೊದಲ ಸಲದ ಶಿಕ್ಷೆಯೇ 3 ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಯಂತ್ರಕ್ಕೆ ಸೀಲ್ ಹಾಕಿ ಜಪ್ತಿ ಮಾಡುತ್ತಾರೆ. "ನಾವು ಇನ್ನೂ ಬಳಸಿಲ್ಲ" ಅನ್ನುವುದು ಉತ್ತರ ಆಗುವುದಿಲ್ಲ.

ಸರಿಯಾದ ಕ್ರಮ ಹೀಗಿತ್ತು. ಮೊದಲು ಜಾಗ, ಆಮೇಲೆ ಫಾರಂ ಎ ಅರ್ಜಿ. ಸ್ಕ್ಯಾನ್ ಮಾಡುವ ಡಾಕ್ಟರರ ಅರ್ಹತೆಯ ಕಾಗದ ಅದರ ಜೊತೆಗೆ. ಡಿಜಿಒ ಇದ್ದ ಮಾತ್ರಕ್ಕೆ ಸಾಕೇ, ತರಬೇತಿಯ ಕಾಗದವೂ ಬೇಕೇ ಅಂತ ತಂಗಿ ಮೊದಲೇ ಕೇಳಿಕೊಳ್ಳಲಿ. ತಪಾಸಣೆ ಆಗಿ ಫಾರಂ ಬಿ, ಅಂದರೆ ನೋಂದಣಿ ಪತ್ರ, ಕೈಗೆ ಬಂದ ಮೇಲೆ ಯಂತ್ರ. ಮಾರುವ ನರ್ಸಿಂಗ್ ಹೋಂ ಕೂಡ ಈ ಕಾಯ್ದೆಯ ಜಾರಿ ನೋಡುವ ತಮ್ಮ ಜಿಲ್ಲೆಯ ಪ್ರಾಧಿಕಾರಕ್ಕೆ ತಿಳಿಸದೆ ಯಂತ್ರ ಹೊರಗೆ ಕಳಿಸಬಾರದಿತ್ತು. ಅವರ ನೋಂದಣಿಯಲ್ಲಿ ಆ ಯಂತ್ರದ ಸೀರಿಯಲ್ ನಂಬರ್ ಇದೆ. ನಾಳೆ ಅಲ್ಲಿ ತಪಾಸಣೆಗೆ ಹೋದವರು ಯಂತ್ರ ಎಲ್ಲಿ ಅಂತ ಕೇಳಿದರೆ ಹುಡುಕಿಕೊಂಡು ಬರುವುದು ನಿಮ್ಮ ಹಿಂದಿನ ರೂಮಿಗೆ.

ಈಗ ಮಾಡಬೇಕಾದ್ದು. ಒಂದು, ಪ್ಲಗ್ ಹಾಕಬೇಡಿ, ಪರೀಕ್ಷೆಗೂ ಬೇಡ. ಎರಡು, ಜಾಗ ಬದಲಿಸಬೇಡಿ. ರಾತ್ರೋರಾತ್ರಿ ವಾಪಸ್ ಕಳಿಸೋಣ ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ, ಕೇಳಬೇಡಿ. ಮೂರು, ಉಳಿದ 2 ಲಕ್ಷ ಕೊಡಬೇಡಿ. ಕೊಟ್ಟಿದ್ದಕ್ಕೆ ಇರುವ ಕಾಗದ, ಬ್ಯಾಂಕ್ ದಾಖಲೆ ಒಂದು ಕಡೆ ಇಡಿ. ನಾಲ್ಕು, ಕ್ರಿಮಿನಲ್ ವಕೀಲರನ್ನು ನೋಡಿ, ಅವರ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತವಾಗಿ ನೀವೇ ತಿಳಿಸುವುದು ಹೇಗೆ ಅಂತ ಕೇಳಿ. ಇದು ಆಡಿಟರ್ ಕೆಲಸ ಅಲ್ಲ. ನಾಲ್ಕು ಸಾವಿರ ಉಳಿಸುವ ಸಲಹೆ ನಾನು ಕೊಡಬಲ್ಲೆ, ಇದಕ್ಕೆ ಅವರೇ ಬೇಕು.

ನಿಮ್ಮ ತಂಗಿಯ ಹೆಸರು ಮೆಡಿಕಲ್ ಕೌನ್ಸಿಲ್ ಪುಸ್ತಕದಲ್ಲಿದೆ. ಅದನ್ನು ಉಳಿಸಿಕೊಳ್ಳುವುದು ಮೊದಲು. 2 ಲಕ್ಷ ಆಮೇಲೆ.

ಶಿರಾ ಲ್ಯಾಬ್: ರಕ್ತ ಪರೀಕ್ಷೆ ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟದ ಮಾನ್ಯತೆ) ಖರ್ಚೂ ಸೇರಿಸಬೇಕಾ ಮೇಡಂ?

ಕಡೂರು ಸದಸ್ಯ: ಎಲ್ಲ ಸರಿ, "ಮಾಮೂಲು" ಎಷ್ಟು ಇಡಬೇಕು ಅಂತ ಯಾರೂ ಹೇಳುತ್ತಿಲ್ಲವಲ್ಲ. ಅದಿಲ್ಲದೆ ಫೈಲ್ ಓಡುತ್ತದಾ? 😀

ಆಡಿಟರ್ ಮೇಡಂ: ಆ ಸಾಲು ನನ್ನ ಕೈಯಲ್ಲಿ ಬರೆಸಬೇಡಿ. ಕಾಗದ ಪೂರ್ತಿ ಇಟ್ಟು ಆನ್‌ಲೈನ್ ಹಾಕಿ, ಸ್ವೀಕೃತಿ ತೆಗೆದಿಡಿ. ತಡವಾಗುತ್ತದೆ, ಒಪ್ಪುತ್ತೇನೆ. ಅದಕ್ಕೇ 4 ತಿಂಗಳ ಬಾಡಿಗೆ ಇಡಿ ಅಂದಿದ್ದು.

ಕಡೂರು ಸದಸ್ಯ: ಪುಸ್ತಕದ ಬದನೆಕಾಯಿ.

ತರೀಕೆರೆ ಡಾಕ್ಟರ್: ರೀ, ಪುಕ್ಕಟೆ ಸಮಯ ಕೊಟ್ಟು ಹೇಳುತ್ತಿದ್ದಾರೆ. ಹಾಗೆ ಮಾತಾಡಬೇಡಿ.

ಕಡೂರು ಸದಸ್ಯ: ನಿಮಗೆ 8 ಲಕ್ಷ ಇದೆ ಡಾಕ್ಟ್ರೇ, ಕಾಯಬಹುದು. ನಾನು ಬಡ್ಡಿಗೆ ತಂದಿದ್ದೇನೆ. ತಿಂಗಳಾದರೆ ಮನೆ ಮುಂದೆ ನಿಲ್ಲುತ್ತಾರೆ.

ಸಿಂಧನೂರು ಸದಸ್ಯ: ಹೊಸ ಕ್ಲಿನಿಕ್‌ಗೆ ಜಿಎಸ್‌ಟಿ ತಗೋಬೇಕಾ?

ಆಡಿಟರ್ ಮೇಡಂ: ಮೇಲೆ ಬರೆದಿದ್ದೇನೆ.

ಹಿತೈಷಿ: ಸಣ್ಣ ಕ್ಲಿನಿಕ್‌ಗೆ ಕಸದ ಏಜೆನ್ಸಿ ಯಾಕೆ? ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರೆ ಆಯಿತು, ತಿಂಗಳ ಖರ್ಚು ಉಳಿತಾಯ. ಒಬ್ಬ ದೊಡ್ಡ ಡಾಕ್ಟರ್ ಕಳಿಸಿದ ವಿಡಿಯೋ ಇದೆ, ಹಾಕಲಾ?

ಆಡಿಟರ್ ಮೇಡಂ: ಹಾಕಬೇಡಿ! ಆಸ್ಪತ್ರೆ ಕಸದ 2016ರ ನಿಯಮದಲ್ಲಿ 75 ಕಿಲೋಮೀಟರ್ ಒಳಗೆ ಕಸ ವಿಲೇವಾರಿಯ ಸಾಮೂಹಿಕ ಘಟಕ ಇದ್ದರೆ ಸ್ವಂತವಾಗಿ ವಿಲೇವಾರಿ ಮಾಡುವ ಹಾಗೇ ಇಲ್ಲ. ಗುಂಡಿ ಇರುವುದು ಅಂಥ ಘಟಕದ ಕೈಗೆಟುಕದ ಕುಗ್ರಾಮಕ್ಕೆ, ಅದೂ ಅನುಮತಿ ಪಡೆದು. ನಿಮ್ಮ ಹಿತ್ತಲ ಸೂಜಿ ಯಾರೋ ಮಗುವಿನ ಕಾಲಿಗೆ ಚುಚ್ಚುತ್ತದೆ. ಇವತ್ತು ಇದು ನಿಮ್ಮ ಎರಡನೇ ಮೆಸೇಜು. ಮೂರನೆಯದು ಬೇಡ.

ಹಿತೈಷಿ: ಒಳ್ಳೆಯದಕ್ಕೆ ಕಾಲ ಇಲ್ಲ. ಗ್ರೂಪ್ ಬಿಡುತ್ತೇನೆ.

ಹೊಸದುರ್ಗ ಮೆಡಿಕಲ್ಸ್: ಬಿಡುವವರು ಹೇಳಿ ಬಿಡಲ್ಲ ಸ್ವಾಮಿ 😀

ಚನ್ನಗಿರಿ ಫಾರ್ಮಸಿ: ನೀವು ಮೊದಲು ಗೋಡೆ ಮೇಲಿನ ಬಾಡಿಗೆ ಫ್ರೇಮ್ ಇಳಿಸಿ, ಆಮೇಲೆ ನಗಿ.

ಹೊಸದುರ್ಗ ಮೆಡಿಕಲ್ಸ್: ನೋಡು ತಮ್ಮಾ, ಅಂಗಡಿ ಹಾಕಿ ಎರಡು ವರ್ಷ ನಡೆಸು. ಆಮೇಲೆ ಬಾ ಮಾತಿಗೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಏಕವಚನ ಬೇಡ.

ಕುವೈತ್ ಕನ್ನಡತಿ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ 🙂

ಗಂಗಾವತಿ ಸದಸ್ಯ: ಜಿಎಸ್‌ಟಿ ಬಗ್ಗೆ ಯಾರಾದರೂ ಹೇಳಿ ಪ್ಲೀಸ್.

ಆಡಿಟರ್ ಮೇಡಂ: ಮೂರನೇ ಸಲ. ಮೇಲೆ.

ಅರಸೀಕೆರೆಯಿಂದ: ಮೇಡಂ, ನೀವು ಹೇಳಿದ್ದನ್ನು ತಂಗಿಗೆ ಓದಿಸಿದೆ. ಅಳುತ್ತಿದ್ದಾಳೆ. ಪ್ಲಗ್ ಹಾಕಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಇನ್ನೊಂದು ಕೇಳಬೇಕಿತ್ತು. ಯಂತ್ರ ಬಂದ ದಿನ ಅಮ್ಮ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿ ಪೂಜೆ ಮಾಡಿದ್ದರು. ಆ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಅದೂ ತೊಂದರೆಯಾ?

ಆಡಿಟರ್ ಮೇಡಂ: ಎಷ್ಟು ಜನ ನೋಡಿದ್ದಾರೆ?

ಅರಸೀಕೆರೆಯಿಂದ: 212.

ಆಡಿಟರ್ ಮೇಡಂ: ಫೋನಿನಿಂದ ಏನನ್ನೂ ಅಳಿಸಬೇಡಿ. ವಕೀಲರ ಹತ್ತಿರ ನಾಳೆ ಅಲ್ಲ, ಈಗಲೇ ಹೊರಡಿ. ತಂಗಿಯನ್ನೂ ಕರೆದುಕೊಂಡು ಹೋಗಿ.