ಮೂರು ಕ್ರಿಸ್ಟನ್ ಈಗಲ್ ಒಟ್ಟಿಗೆ ಕಟ್ಟೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾವು ಮೂವರು ಗೆಳೆಯರು. 1995ರವರೆಗೆ ಚಾರ್ಲಿ ಹಿಲಾರ್ಡ್, ಟಾಮ್ ಪೊಬೆರೆಜ್ನಿ, ಜೀನ್ ಸೂಸಿ ಮೂವರೂ ಒಟ್ಟಿಗೆ ಹಾರಿಸುತ್ತಿದ್ದ ಈಗಲ್ಸ್ ಎಂಬ ಸಾಹಸ ಹಾರಾಟ ತಂಡದ ಕ್ರಿಸ್ಟನ್ ಈಗಲ್ (ಎರಡು ರೆಕ್ಕೆಯ ಚಿಕ್ಕ ಕಸರತ್ತು ವಿಮಾನ) ವಿಮಾನಗಳನ್ನು ಮೂರನೇ ಒಂದರ ಅಳತೆಯಲ್ಲಿ, ರಿಮೋಟ್‌ನಲ್ಲಿ ಹಾರುವಂತೆ ಕಟ್ಟಬೇಕು ಅಂತ ಆಸೆ. ಚಿಕ್ಕ ಮಾಡೆಲ್ ಎಲ್ಲರೂ ಕಟ್ಟಿದ್ದೇವೆ, ಇಷ್ಟು ದೊಡ್ಡದು ಇದೇ ಮೊದಲು. ತಲೆಗೊಂದು ವಿಮಾನ ಅಂತ ಹಂಚಿಕೊಂಡರೆ ಸರಿಯಾ?

ಉತ್ತರ: ತಲೆಗೊಂದು ಬೇಡ. ಕೆಲಸಕ್ಕೊಬ್ಬರು ಅಂತ ಹಂಚಿಕೊಳ್ಳಿ. ಒಬ್ಬರು ಮೂರು ವಿಮಾನದ ರೆಕ್ಕೆಗಳನ್ನೂ ಮಾಡಲಿ, ಇನ್ನೊಬ್ಬರು ಮೂರರ ಬಾಡಿ ಮತ್ತು ಬಾಲ, ಮತ್ತೊಬ್ಬರು ಕೌಲಿಂಗ್ (ಎಂಜಿನ್ ಹೊದಿಕೆ), ಕ್ಯಾನೊಪಿ (ಪೈಲಟ್ ಜಾಗದ ಮೇಲಿನ ಪಾರದರ್ಶಕ ಮುಚ್ಚಳ), ಎಂಜಿನ್ ಕೂರಿಸೋದು. ನಮ್ಮ ಗುಂಪಿನಲ್ಲಿ ಹೀಗೇ ಮಾಡಿದೆವು. ಒಂದೇ ಕೈ, ಒಂದೇ ಜಿಗ್ (ಕಟ್ಟುವಾಗ ಭಾಗಗಳನ್ನು ಹಿಡಿದಿಡುವ ಚೌಕಟ್ಟು) ಆದರೆ ಮೂರೂ ಒಂದೇ ತರ ಬರುತ್ತವೆ. ಬೇರೆ ಬೇರೆಯವರು ಕಟ್ಟಿದರೆ ಒಂದು ಹಗುರ, ಒಂದು ಭಾರ, ಆಮೇಲೆ ಜೊತೆಯಾಗಿ ಹಾರಿಸುವಾಗ ಭಾರದ್ದು ತಿರುವಿನಲ್ಲಿ ಹಿಂದೆ ಬೀಳುತ್ತೆ, ಅದನ್ನು ಹಾರಿಸುವವರು ಇಡೀ ಹೊತ್ತು ಥ್ರಾಟಲ್ (ಎಂಜಿನ್ ವೇಗದ ನಿಯಂತ್ರಣ) ಜೊತೆ ಗುದ್ದಾಡಬೇಕಾಗುತ್ತೆ. ಪರೀಕ್ಷೆ ಸುಲಭ: ಒಂದರ ರೆಕ್ಕೆ ಬಿಚ್ಚಿ ಇನ್ನೊಂದಕ್ಕೆ ಹಾಕಿ ನೋಡಿ. ಬೋಲ್ಟ್‌ಗಳು ಒತ್ತಾಯ ಇಲ್ಲದೆ ಕೂರಬೇಕು. ಇದು ಎರಡು ರೆಕ್ಕೆಯ ವಿಮಾನ, ಮೇಲಿನದಕ್ಕೂ ಕೆಳಗಿನದಕ್ಕೂ ನಡುವಿನ ಕೋನ ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದರೂ ಹಾರಾಟದಲ್ಲಿ ಗೊತ್ತಾಗುತ್ತೆ, ಅದಕ್ಕೇ ಪ್ರತಿ ಹಂತದಲ್ಲೂ ಇನ್ಸಿಡೆನ್ಸ್ ಮೀಟರ್ (ರೆಕ್ಕೆಯ ಕೋನ ಅಳೆಯುವ ಸಾಧನ) ಇಟ್ಟು ಅಳೆಯಿರಿ.

ಇನ್ನು ತೂಕ. ಅಳತೆ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ಆದರೆ ಅದೇ ತರ ಕಟ್ಟಿದರೆ ತೂಕ ಎಂಟು ಪಟ್ಟು. ಹಾಗಾಗಿ ಚಿಕ್ಕ ಮಾಡೆಲ್‌ನಲ್ಲಿ ನಡೆದ ದಪ್ಪ ಪ್ಲೈವುಡ್, ಸುರಿದ ಎಪಾಕ್ಸಿ ಅಂಟು ಇಲ್ಲಿ ನಡೆಯಲ್ಲ. ಬಾಲ್ಸಾ (ತುಂಬಾ ಹಗುರವಾದ ಮರ) ಶೀಟುಗಳನ್ನು ಒಂದೊಂದಾಗಿ ತೂಗಿ, ಹಗುರವಾದದ್ದನ್ನು ಬಾಲಕ್ಕೆ ಎತ್ತಿಡಿ. ಬಾಲದಲ್ಲಿ ಸೇರಿದ ಒಂದೊಂದು ಗ್ರಾಂಗೂ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ತುಂಬಬೇಕಾಗುತ್ತೆ, ಅದು ಸುಮ್ನೆ ಹೊರೆ.

ಬಣ್ಣವೂ ಅಷ್ಟೇ. ಈಗಲ್‌ನ ಚೆಂದವೇ ಆ ಬಣ್ಣಬಣ್ಣದ ಗರಿಗಳು, ಹದ್ದಿನ ತಲೆ. ಮೂರಕ್ಕೂ ಬೇಕಾದಷ್ಟು ಬಣ್ಣ ಒಂದೇ ಸಲ ಕಲಸಿಕೊಳ್ಳಿ, ಮಾಸ್ಕಿಂಗ್ ಅಚ್ಚು (ಬಣ್ಣ ತಾಗಬಾರದ ಜಾಗ ಮುಚ್ಚುವ ಅಚ್ಚು) ಒಂದೇ ಇರಲಿ. ತೆಳು ಕೋಟ್ ಸಾಕು.

ಮತ್ತೊಬ್ಬರ ಉತ್ತರ: ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ವೈರಿಂಗ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಇದನ್ನು ಕೊನೆಗೆ ತಳ್ಳುತ್ತಾರೆ. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಎರಡು ಬ್ಯಾಟರಿ, ಎರಡು ಸ್ವಿಚ್. ಇಗ್ನಿಷನ್ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಅನ್ನು ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನಿಂದಲೇ ಆಫ್ ಮಾಡುವ ಹಾಗಿರಬೇಕು. ಸಿಗ್ನಲ್ ಹೋದರೆ ಎಂಜಿನ್ ವೇಗ ತಾನಾಗಿ ತಗ್ಗುವಂತೆ ಫೇಲ್‌ಸೇಫ್ (ತಾನಾಗಿ ಕೆಲಸ ಮಾಡುವ ಸುರಕ್ಷತಾ ವ್ಯವಸ್ಥೆ) ಇಟ್ಟು, ವಿಮಾನ ಕಟ್ಟಿಹಾಕಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ಒಂದೇ ರಡ್ಡರನ್ನು (ಬಾಲದ ಚುಕ್ಕಾಣಿ) ಎರಡು ಸರ್ವೋ (ಅದನ್ನು ಅಲ್ಲಾಡಿಸುವ ಚಿಕ್ಕ ಮೋಟರ್) ಎಳೆಯುವಂತೆ ಮಾಡಿದರೆ ಅವು ಒಂದಕ್ಕೊಂದು ಜಗಳಾಡದ ಹಾಗೆ ಹೊಂದಿಸಿ. ಸ್ಟಿಕ್ ಮುಟ್ಟದೇ ಇದ್ದಾಗಲೂ ಸರ್ವೋ ಗುಂಯ್ ಅಂತಿದ್ರೆ, ಒಂದನ್ನು ರಡ್ಡರ್‌ಗೆ ಜೋಡಿಸುವ ಕಡ್ಡಿ ಬಿಚ್ಚಿ. ಸದ್ದು ನಿಂತರೆ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ, ಹಾಗೇ ಬಿಟ್ಟರೆ ಬ್ಯಾಟರಿ ಬೇಗ ಖಾಲಿ, ಸರ್ವೋ ಬಿಸಿ. ಐಲೆರಾನ್ (ರೆಕ್ಕೆಯ ಹಿಂಬದಿಯ ಅಲ್ಲಾಡುವ ಪಟ್ಟಿ) ಕೈಯಲ್ಲಿ ಅಲ್ಲಾಡಿಸಿ ನೋಡಿ, ಕಡ್ಡಿಯಲ್ಲಿ ಸ್ವಲ್ಪವೂ ಸಡಿಲ ಇರಬಾರದು, ವೇಗ ಜಾಸ್ತಿಯಾದಾಗ ಅದು ಪಟಪಟ ನಡುಗಿ ಕಿತ್ತು ಹೋಗಬಹುದು. ಹಿಂಜ್ ಸಂದಿಯನ್ನೂ ಟೇಪ್‌ನಿಂದ ಮುಚ್ಚಿ.

ಮೂರನೆಯ ಉತ್ತರ: ಹಾರಿಸೋ ವಿಷಯಕ್ಕೆ ಬಂದರೆ, ಮೂರಕ್ಕೂ ಒಂದೇ ಎಂಜಿನ್, ಒಂದೇ ಪ್ರೊಪೆಲ್ಲರ್. ಈ ಅಳತೆಗೆ 100 ಸಿಸಿ ಆಸುಪಾಸಿನ ಎರಡು ಸಿಲಿಂಡರ್ ಪೆಟ್ರೋಲ್ ಎಂಜಿನ್ ಚೆನ್ನಾಗಿ ಒಗ್ಗುತ್ತೆ. ಮುಂದಿನ ವಿಮಾನ ಹಾರಿಸುವವರು ಪೂರ್ತಿ ಥ್ರಾಟಲ್ ಹಾಕಲೇಬಾರದು, ಹಿಂದಿನವರಿಗೆ ಹತ್ತಿರ ಬರಲು ದಮ್ಮು ಉಳಿದಿರಬೇಕಲ್ವಾ? ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಸಹಾಯಕ ನಿಂತು ಉಳಿದ ಎರಡು ವಿಮಾನ ಎಲ್ಲಿವೆ ಅಂತ ಹೇಳ್ತಾ ಇರಲಿ, ಹಾರಿಸುವವರು ತಮ್ಮದರಿಂದ ಕಣ್ಣು ತೆಗೆಯೋಕಾಗಲ್ಲ. ಉಳಿದ ವಿಮಾನಗಳು ಎಲ್ಲಿವೆ ಅಂತ ಯಾರಿಗಾದರೂ ಗೊತ್ತಾಗದೆ ಹೋದರೆ ಯಾವ ಕಡೆ ಹೊರಳಿ ದೂರ ಹೋಗಬೇಕು ಅನ್ನೋದನ್ನು ನೆಲದ ಮೇಲೇ ತೀರ್ಮಾನಿಸಿ, ನಡೆದುಕೊಂಡೇ ಅಭ್ಯಾಸ ಮಾಡಿ.

ಹೊಗೆ ಬಿಡೋ ಆಸೆ ಇದ್ದೇ ಇರುತ್ತೆ. ಬಿಸಿ ಮಫ್ಲರ್‌ಗೆ ಎಣ್ಣೆ ಪಂಪ್ ಮಾಡಿದರೆ ದಟ್ಟ ಬಿಳಿ ಹೊಗೆ ಬರುತ್ತೆ. ಆ ಟ್ಯಾಂಕ್ ಆದಷ್ಟೂ ತೂಕದ ಮಧ್ಯಬಿಂದುವಿನ ಹತ್ತಿರವೇ ಇರಲಿ. ಬ್ಯಾಲೆನ್ಸ್ ನೋಡುವಾಗ ತುಂಬಿದಾಗ ಒಮ್ಮೆ, ಖಾಲಿಯಿದ್ದಾಗ ಒಮ್ಮೆ ನೋಡಿ.