ಕಾಲೇಜು ಪ್ರವೇಶದ ಉಚಿತ ತರಬೇತಿಗೆ ತಂಗಿಯನ್ನು ಸೇರಿಸಲೇ?

ಪ್ರಶ್ನೆ: ತಂಗಿ ಮುಂದಿನ ವರ್ಷ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ನಮ್ಮ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬಡ ಮಕ್ಕಳಿಗಾಗಿ ನಡೆಸುವ ಪೂರ್ವಸಿದ್ಧತಾ ತರಬೇತಿಯಿಂದ ನಿಜಕ್ಕೂ ಉಪಯೋಗ ಇದೆಯೇ? ಮನೆಯಲ್ಲೇ ಓದಿದರೆ ಸಾಲದೇ?

ಉತ್ತರ 1: ಖಂಡಿತ ಸೇರಿಸಿ. ನಾನು ಇಂಥದೇ ಕೇಂದ್ರದಲ್ಲಿ ಗಣಿತ ಹೇಳಿಕೊಡುತ್ತೇನೆ. ಪಾಠ ಅರ್ಧ ಕೆಲಸ ಅಷ್ಟೇ. ಯಾವ ಕೋರ್ಸ್ ಆರಿಸಬೇಕು, ವಿದ್ಯಾರ್ಥಿವೇತನಕ್ಕೆ ಕೊನೆಯ ದಿನ ಯಾವುದು, ಯಾವ ದಾಖಲೆ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ಇದೆಲ್ಲ ಓದಿದವರ ಮನೆಯಲ್ಲಿ ಊಟದ ಹೊತ್ತಿನ ಮಾತಿನಲ್ಲೇ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಉಳಿದವರಿಗೆ ಯಾರಾದರೂ ಕೂತು ಹೇಳಬೇಕು. ಜಾಣ ಮಕ್ಕಳು ಅಂಕ ಇದ್ದೂ ಅರ್ಜಿಯನ್ನೇ ಹಾಕದೆ ಉಳಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ 1960ರ ದಶಕದಿಂದ ನಡೆಯುತ್ತಿರುವ ಅಪ್‌ವರ್ಡ್ ಬೌಂಡ್ ಯೋಜನೆಯಲ್ಲಿ ಪಾಠದ ಜೊತೆಗೆ ಪ್ರವೇಶ ಮತ್ತು ಧನಸಹಾಯದ ಅರ್ಜಿಗಳಿಗೂ ನೆರವು ಕೊಡುವುದು ಇದಕ್ಕೇ.

ಉತ್ತರ 2: ಸೀಟು ಸಿಕ್ಕ ಮೇಲೆ ಕೈಬಿಡುತ್ತಾರೋ ಇಲ್ಲವೋ, ಅದನ್ನೂ ಕೇಳಿ. ಮೊದಲ ವರ್ಷವೇ ಕಷ್ಟ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಪಾಸೆ ಫೌಂಡೇಶನ್ ಎಂಬ ಸಂಸ್ಥೆ ಅದಕ್ಕೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕಳಿಸುವುದಿಲ್ಲ, ಒಬ್ಬರಿಗೊಬ್ಬರು ಆಸರೆಯಾಗಲಿ ಎಂದು ಸುಮಾರು ಹತ್ತು ಜನರ ಗುಂಪಾಗಿ ಒಂದೇ ಕಾಲೇಜಿಗೆ ಕಳಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ದಾಖಲೆಗಳ ಪಟ್ಟಿ ಇವತ್ತೇ ವಿಚಾರಿಸುತ್ತೇನೆ.