ಪಿಯುಸಿ ವಿಜ್ಞಾನದ ನಂತರ ವ್ಯಾಯಾಮ ವಿಜ್ಞಾನ ಓದಬಹುದೇ?

ಪ್ರಶ್ನೆ: ವಿದ್ಯಾರ್ಥಿನಿ, ವಿಜಯಪುರ

ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಆರು ವರ್ಷಗಳಿಂದ ಸೈಕ್ಲಿಂಗ್ ಅಭ್ಯಾಸ ಮಾಡುತ್ತಿದ್ದು, ನಸುಕಿನಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ತುಳಿದು ಬಂದ ಮೇಲೆಯೇ ಕಾಲೇಜಿಗೆ ಹೋಗುವುದು ರೂಢಿ. ಕಳೆದ ವರ್ಷದಿಂದ ಬಲ ಮೊಣಕಾಲಿನ ಮುಂಭಾಗದಲ್ಲಿ ನೋವಿದೆ. ತರಬೇತಿ ಕೊಡುವವರನ್ನು ಕೇಳಿದಾಗ ಎಣ್ಣೆ ಹಚ್ಚಿ ತಿಕ್ಕಿಕೊಳ್ಳಲು ಹೇಳಿದರೇ ಹೊರತು ನೋವು ಏಕೆ ಬರುತ್ತಿದೆ ಎಂದು ಹೇಳಲಿಲ್ಲ. ಆ ಕಾರಣವನ್ನು ತಿಳಿಯುವ ವಿದ್ಯೆಯನ್ನೇ ಓದಬೇಕೆಂದು ಅಂದಿನಿಂದ ನನಗೆ ಅನ್ನಿಸಿದೆ. ಆದರೆ ಅಪ್ಪ, ಪಿ.ಟಿ. ಮಾಸ್ತರಿಕೆಗೆ ವಿಜ್ಞಾನ ಓದಿಸಬೇಕಾಗಿತ್ತೇ ಎಂದು ಕೇಳುತ್ತಾರೆ. ವ್ಯಾಯಾಮ ವಿಜ್ಞಾನ, ಬಿ.ಪಿ.ಇಡಿ. ಮತ್ತು ಫಿಸಿಯೋಥೆರಪಿ ಇವು ಒಂದೇ ಅಲ್ಲವೆಂದು ಅವರಿಗೆ ಹೇಗೆ ತಿಳಿಸಲಿ? ಈ ವಿಷಯದಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ?

ಉತ್ತರ 1: ದೈಹಿಕ ಶಿಕ್ಷಣದ ಉಪನ್ಯಾಸಕ, ಬಾಗಲಕೋಟೆ

ಬಿ.ಪಿ.ಇಡಿ. ಎಂಬುದು ಯಾವುದಾದರೂ ಪದವಿ ಮುಗಿಸಿದವರಿಗೆ ಇರುವ ಎರಡು ವರ್ಷಗಳ ಶಿಕ್ಷಕ ತರಬೇತಿ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡುವುದು ಅದರ ಉದ್ದೇಶ. ಆ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ನೋಡಿರುವ ನಾನು ಅದನ್ನು ಕಡಿಮೆಯೆಂದು ಎಣಿಸುವುದಿಲ್ಲ. ಫಿಸಿಯೋಥೆರಪಿ ನೋವು ಅಥವಾ ಪೆಟ್ಟು ಆದವರಿಗೆ ಚಿಕಿತ್ಸೆ ನೀಡುವ ವೃತ್ತಿ. ವ್ಯಾಯಾಮ ವಿಜ್ಞಾನವಾದರೋ ದೇಹ ಚಲಿಸುವುದು ಹೇಗೆ, ದಣಿಯುವುದು ಏಕೆ, ಅಭ್ಯಾಸದಿಂದ ಬದಲಾಗುವುದು ಏನು ಎಂಬುದನ್ನು ಅಳೆದು ತಿಳಿಯುವ ಶಾಸ್ತ್ರ. ಈ ಪದವಿಯೊಂದನ್ನೇ ಹಿಡಿದು ರೋಗಿಗೆ ಚಿಕಿತ್ಸೆ ನೀಡುವ ಹಾಗಿಲ್ಲ, ಶಾಲೆಯ ಶಿಕ್ಷಕ ಹುದ್ದೆಗೂ ಅದು ಸಾಲದು. ಇದನ್ನು ನಿಮ್ಮ ತಂದೆಯವರಿಗೆ ಮೊದಲೇ ಹೇಳಿಬಿಡಿ.

ನಿಮ್ಮೂರಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿಯೇ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದ ವಿಭಾಗವಿದೆ. ಮೊದಲು ಅಲ್ಲಿ ಹೋಗಿ ಮಾತನಾಡಿ. ಹೊರಗೆ ಹೋಗುವ ಮನಸ್ಸಿದ್ದರೆ 1957ರಲ್ಲಿ ಆರಂಭವಾದ ಗ್ವಾಲಿಯರಿನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ ಹಾಗೂ ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದಲ್ಲಿ ಯಾವ ಕೋರ್ಸುಗಳಿವೆ ಎಂದು ವಿಚಾರಿಸಬಹುದು.

ಉತ್ತರ 2: ವ್ಯಾಯಾಮ ವಿಜ್ಞಾನದ ಸ್ನಾತಕೋತ್ತರ ಪದವೀಧರ, ಮೂಲತಃ ಮುಧೋಳ

ಏನನ್ನು ಕಲಿಸುತ್ತಾರೆ ಎಂಬುದಕ್ಕೆ ಪಠ್ಯಕ್ರಮದ ಪಟ್ಟಿಗಿಂತ ಒಂದು ಉದಾಹರಣೆ ಹೆಚ್ಚು ಹೇಳೀತು. ನಿಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವವರನ್ನು ನೋಡಿರುತ್ತೀರಿ. ಪಳಗಿದ ಆಳು ಕಲ್ಲನ್ನು ಎದೆಗೆ ಅವಚಿಕೊಂಡೇ ಮೇಲೇಳುತ್ತಾನೆ. ಹೊಸಬ ಕೈಚಾಚಿ ಎತ್ತಲು ಹೋಗಿ ನಡು ಹಿಡಿದುಕೊಂಡು ಕೂರುತ್ತಾನೆ. ನಮ್ಮ ಗರಡಿಯ ಹಿರಿಯರಿಗೆ ಇದು ಗೊತ್ತಿತ್ತು. ನಾನು ತರಗತಿಯಲ್ಲಿ ಕಲಿತದ್ದು ಅದರ ಲೆಕ್ಕ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಕೀಲಿನಿಂದ ಹಿಂದಕ್ಕೆ ಸುಮಾರು 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ. 60 ಕಿಲೋ ಕಲ್ಲು ಅದೇ ಕೀಲಿನಿಂದ 40 ಸೆಂ.ಮೀ. ಮುಂದೆ ಇದ್ದರೆ, ಅದನ್ನು ತಡೆದು ನಿಲ್ಲಿಸಲು ಆ ಸ್ನಾಯುಗಳು ಎಂಟು ಪಟ್ಟು, ಅಂದರೆ 480 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು, 20 ಸೆಂ.ಮೀ.ಗೆ ಹತ್ತಿರ ತಂದರೆ 240 ಸಾಕು. ಇದರಲ್ಲಿ ಅವನ ಸ್ವಂತ ಮೈಭಾರ ಇನ್ನೂ ಸೇರಿಲ್ಲ. ನೀವು ಹೈಸ್ಕೂಲಿನಲ್ಲಿ ಓದಿದ ಸನ್ನೆಯ ತತ್ವವೇ ಇದು. ಬಯೋಮೆಕ್ಯಾನಿಕ್ಸ್ ಎಂಬ ವಿಷಯ ಇಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ದೊಡ್ಡ ವಿಷಯ ವ್ಯಾಯಾಮದ ಶರೀರಕ್ರಿಯಾಶಾಸ್ತ್ರ. ನೀವು ಪೆಡಲಿನ ಮೇಲೆ 150 ವಾಟ್ ಕೆಲಸ ಮಾಡುತ್ತಿದ್ದೀರಿ ಎಂದುಕೊಳ್ಳಿ. ದೇಹವು ಸುಟ್ಟ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗದಷ್ಟೇ ಕೆಲಸವಾಗುವುದರಿಂದ, ಉಳಿದ ಸುಮಾರು 450 ವಾಟ್ ಶಾಖವಾಗಿ ಮೈಯಲ್ಲಿ ಸೇರುತ್ತದೆ. ಅದಿಷ್ಟನ್ನೂ ಬೆವರೇ ಹೊರಹಾಕಬೇಕಾದರೆ ಗಂಟೆಗೆ ಲೀಟರಿನ ಮೂರನೇ ಎರಡು ಭಾಗ ನೀರು ಆವಿಯಾಗಬೇಕು. ಮಂಗಳೂರಿನಲ್ಲಿ ಬೆವರು ತೊಟ್ಟಿಕ್ಕುವುದು ಕಣ್ಣಿಗೆ ಕಾಣುತ್ತದೆ. ವಿಜಯಪುರದ ಒಣ ಬೇಸಿಗೆಯಲ್ಲಿ ಅದು ಮೈಮೇಲೆ ನಿಲ್ಲುವ ಮೊದಲೇ ಆರಿಹೋಗಿ, ಜೆರ್ಸಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಹೀಗಾಗಿ ನಮ್ಮ ಕಡೆಯ ಹುಡುಗರಿಗೆ ತಾವು ಕಳೆದುಕೊಂಡ ನೀರಿನ ಅಂದಾಜೇ ಸಿಗುವುದಿಲ್ಲ. ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ. ನಡುವೆ ಕುಡಿದ ನೀರನ್ನು ಲೆಕ್ಕಕ್ಕೆ ಹಿಡಿದರೆ ಅದೇ ನಿಮ್ಮ ಮೊದಲ ಪ್ರಯೋಗವಾಗುತ್ತದೆ.

ನಾನು ಕನ್ನಡ ಮಾಧ್ಯಮದಿಂದ ಬಂದವನಾದ್ದರಿಂದ ಮೊದಲ ವರ್ಷ ಅಂಗರಚನಾಶಾಸ್ತ್ರದ ಲ್ಯಾಟಿನ್, ಗ್ರೀಕ್ ಹೆಸರುಗಳು ನನ್ನನ್ನು ಅಳಿಸಿದವು. ಗ್ಯಾಸ್ಟ್ರಾಕ್ನೀಮಿಯಸ್ ಎಂಬ ಪದಕ್ಕೆ ಗ್ರೀಕಿನಲ್ಲಿ ಕಾಲಿನ ಹೊಟ್ಟೆ ಎಂದರ್ಥವೆಂದು ತಿಳಿದ ದಿನ ಅದು ನಮ್ಮ ಮೀನಖಂಡವೇ ಅಲ್ಲವೇ ಎಂದು ಬಹಳ ಸಂತೋಷವಾಯಿತು. ಒಂದೇ ಸ್ನಾಯುವಿನಲ್ಲಿ ಅವರು ಹೊಟ್ಟೆಯನ್ನು ಕಂಡರು, ನಾವು ಮೀನನ್ನು ಕಂಡೆವು. ಅಂದಿನಿಂದ ಪ್ರತಿ ಹೆಸರನ್ನೂ ಬಿಡಿಸಿ ಓದತೊಡಗಿದೆ. ಹೆಸರಿಗಿಂತ ಹೆಚ್ಚಾಗಿ ನನ್ನ ಸಹಪಾಠಿಗಳನ್ನು ಸೋಲಿಸಿದ್ದು ಸಂಖ್ಯಾಶಾಸ್ತ್ರ. ಚೆನ್ನಾಗಿ ಆಡಬಲ್ಲೆವು ಎಂಬ ಒಂದೇ ಕಾರಣಕ್ಕೆ ಸೇರಿದವರು ಎರಡನೆಯ ವರ್ಷಕ್ಕೆ ಬೇಸತ್ತರು. ಅಳೆಯುವುದರಲ್ಲಿ ಆಸಕ್ತಿಯಿದ್ದವರು ಉಳಿದರು. ನಿಮ್ಮ ಪ್ರಶ್ನೆ ನೋವಿನ ಕಾರಣದಿಂದ ಹುಟ್ಟಿದೆಯಾದ್ದರಿಂದ ನೀವು ಉಳಿಯುವಿರಿ ಎಂದು ನನಗೆ ನಂಬಿಕೆಯಿದೆ.

ಕಾಲೇಜು ನೋಡಲು ಹೋದಾಗ ಪ್ರಯೋಗಾಲಯದ ಬಾಗಿಲು ತೆರೆಸಿ. ಆಕ್ಸಿಜನ್ ಬಳಕೆ ಅಳೆಯುವ ಯಂತ್ರ, ತುಳಿಯುವ ಕೆಲಸವನ್ನು ಅಳೆಯುವ ನಿಂತ ಸೈಕಲ್ಲಾದ ಸೈಕಲ್ ಅರ್ಗೋಮೀಟರ್ ಮತ್ತು ಪಾದ ನೆಲವನ್ನು ಒತ್ತುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಇವೆಯೇ ಎಂದು ಕೇಳಿದರೆ ಸಾಲದು, ಪದವಿ ವಿದ್ಯಾರ್ಥಿಗಳು ವಾರಕ್ಕೆ ಎಷ್ಟು ಗಂಟೆ ಅವುಗಳನ್ನು ಮುಟ್ಟುತ್ತಾರೆ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ.

ಉತ್ತರ 3: ಫಿಸಿಯೋಥೆರಪಿಸ್ಟ್, ಬೆಳಗಾವಿ

ಓದಿನ ಬಗ್ಗೆ ಮೇಲಿನವರು ಹೇಳಿದ್ದಾರೆ. ನನಗೆ ನಿಮ್ಮ ಮೊಣಕಾಲಿನ ಚಿಂತೆ. ಸೈಕಲ್ ಸವಾರರ ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದು ಸಾಮಾನ್ಯ ಕಾರಣಗಳಲ್ಲೊಂದು. ಪೆಡಲ್ ತೀರ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಮಡಚಿರಬೇಕು. ಸೊಂಟದ ಪಕ್ಕದ ಉಬ್ಬು ಎಲುಬು, ಮೊಣಕಾಲಿನ ಹೊರಬದಿ ಮತ್ತು ಪಾದದ ಹೊರಗಿನ ಗಂಟು, ಈ ಮೂರು ಕಡೆ ಚುಕ್ಕೆಯಿಟ್ಟು ಪಕ್ಕದಿಂದ ಫೋಟೋ ತೆಗೆಸಿ ಅಳೆದು ನೋಡಿ.

ವಿದ್ಯಾರ್ಥಿನಿ, ವಿಜಯಪುರ

ಮೂವರಿಗೂ ಧನ್ಯವಾದಗಳು. ತಮ್ಮನಿಂದ ಫೋಟೋ ತೆಗೆಸಿ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಮೂರು ಸಲ ಅಳೆದೆ; 47, 48, ಮತ್ತೆ 47 ಡಿಗ್ರಿ ಬಂದಿತು. ಅಪ್ಪ ಪಕ್ಕದಲ್ಲಿ ನಿಂತು ನೋಡಿದರು, ನಾಲ್ಕನೆಯ ಸಲ ತಾವೇ ಅಳೆದರು. ಇಂದೇ ಸೀಟನ್ನು ಮೇಲೇರಿಸಲೇ?

ಫಿಸಿಯೋಥೆರಪಿಸ್ಟ್, ಬೆಳಗಾವಿ

ಒಮ್ಮೆಲೇ ಬೇಡ. ಐದು ಮಿಲಿಮೀಟರ್ ಏರಿಸಿ, ನಾಲ್ಕೈದು ದಿನ ಕಡಿಮೆ ದೂರ ತುಳಿದು, ಮತ್ತೆ ಅಳೆಯಿರಿ. ಕೂತಾಗ ಸೊಂಟ ಅತ್ತಿತ್ತ ವಾಲಿದರೆ ಅತಿಯಾಗಿ ಏರಿದೆ ಎಂದು ತಿಳಿಯಿರಿ. ಒಂದು ವರ್ಷದ ನೋವಾದ್ದರಿಂದ ಪರೀಕ್ಷೆ ಮುಗಿಯುವವರೆಗೆ ಕಾಯದೆ ಮೊಣಕಾಲನ್ನು ವೈದ್ಯರಿಗೆ ತೋರಿಸಿ, ಹೋಗುವಾಗ ಆ ಫೋಟೋಗಳನ್ನೂ ಅಳತೆಗಳನ್ನೂ ಕೊಂಡೊಯ್ಯಿರಿ.